ಒಬ್ಬ ಕೂತರೆ ಎಲ್ಲರೂ ಕೂತಂತೆ

ಕ್ರಿಕೆಟ್ಟಿನಲ್ಲಿ ಫೀಲ್ಡರನಿಗೆ ಪೆಟ್ಟಾದರೆ ಬದಲಿಯವನು ಬರ್ತಾನೆ. ಫುಟ್‌ಬಾಲಿನಲ್ಲಿ ಒಬ್ಬ ಕೆಂಪು ಕಾರ್ಡ್ ತಿಂದು ಹೊರಗೆ ಹೋದರೂ ಉಳಿದ ಹತ್ತು ಜನ ಆಡಿ ಗೆಲ್ಲಬಹುದು. ಮ್ಯಾರಥಾನಿನಲ್ಲಂತೂ ಪಕ್ಕದವನು ಕುಸಿದು ಕೂತರೂ ನಿಮ್ಮ ಪಾಡಿಗೆ ನೀವು ಓಡಬಹುದು. ಆದರೆ ಒಂದು ಆಟ ಇದೆ. ಅದರಲ್ಲಿ ನಾಲ್ವರಲ್ಲಿ ಒಬ್ಬನ ಕಾಲು ಉಳುಕಿ ಅವನು ಕೂತುಬಿಟ್ಟರೆ ನಾಲ್ವರ ಆಟವೂ ಮುಗೀತು. ಅಡ್ವೆಂಚರ್ ರೇಸಿಂಗ್ ಅಂತಾರೆ ಅದಕ್ಕೆ. ನಾನು ಇಲ್ಲಿ ಸಾಹಸ ಓಟ ಅಂತ ಕರೀತೀನಿ, ಓಟ ಅದರಲ್ಲಿ ಸ್ವಲ್ಪವೇ ಇದ್ದರೂ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಕೈಯಲ್ಲಿ ನಕ್ಷೆ ಮತ್ತು ದಿಕ್ಸೂಚಿ, ಬೆನ್ನ ಮೇಲೆ ಚೀಲ. ದೊಡ್ಡ ಓಟಗಳಲ್ಲಿ ಜಿಪಿಎಸ್ ನೋಡುವ ಹಾಗಿಲ್ಲ. ಮೋಟಾರು ಇರುವ ಯಾವ ವಾಹನವೂ ಇಲ್ಲ. ನಡಿಗೆ, ಸೈಕಲ್ಲು, ಕಯಾಕ್, ಹಗ್ಗ ಹಿಡಿದು ಬಂಡೆ ಇಳಿಯೋದು, ಹೀಗೆ ನೂರಾರು ಕಿಲೋಮೀಟರು, ಹಗಲೂ ರಾತ್ರಿ. ಗಡಿಯಾರ ನಿಲ್ಲೋದೇ ಇಲ್ಲ, ಆದ್ದರಿಂದ ಎಷ್ಟು ನಿದ್ದೆ ಮಾಡಬೇಕು ಅನ್ನೋದೂ ಆಟದ ಒಂದು ಲೆಕ್ಕಾಚಾರ. ದಾರಿ ಹಾಕಿಕೊಟ್ಟಿರೋದಿಲ್ಲ, ಚೆಕ್‌ಪಾಯಿಂಟುಗಳು ಮಾತ್ರ. ನಡುವಿನ ದಾರಿ ನಿಮಗೆ ಬಿಟ್ಟಿದ್ದು.

ಈ ಆಟದ ಚರಿತ್ರೆ ಓದುವಾಗೆಲ್ಲ ನನ್ನನ್ನು ಕಾಡಿದ್ದು ಆ ಒಂದೇ ನಿಯಮ: ಹೊರಟವರೆಲ್ಲ ಒಟ್ಟಿಗೇ ಮುಗಿಸಬೇಕು. ಮೊದಲ ಸಲ ಓದಿದಾಗ ಕ್ರೂರ ಅನ್ನಿಸುತ್ತೆ. ಆಮೇಲೆ, ಇದು ಆಟದ ನಿಯಮಕ್ಕಿಂತ ಹೆಚ್ಚಾಗಿ ಹೆಲ್ಮೆಟ್ಟಿನ ಹಾಗೆ ಒಂದು ಸುರಕ್ಷತೆಯ ಸಾಧನ ಅಂತ ಅರ್ಥ ಆಗುತ್ತೆ. ಇನ್ನೂ ಸ್ವಲ್ಪ ಓದಿದರೆ, ಈ ಹೆಲ್ಮೆಟ್ಟಿಗೆ ಒಳಗಡೆಯಿಂದ ಒಂದು ಮೊಳೆ ಇದೆ ಅಂತಾನೂ ಕಾಣುತ್ತೆ.

1983ರಲ್ಲಿ ನ್ಯೂಜಿಲೆಂಡಿನಲ್ಲಿ ರಾಬಿನ್ ಜಡ್ಕಿನ್ಸ್ ಅನ್ನುವವರು ಕೋಸ್ಟ್ ಟು ಕೋಸ್ಟ್ ಅನ್ನೋ ಓಟ ಶುರು ಮಾಡಿದರು. ಪಶ್ಚಿಮದಲ್ಲಿ ಕುಮಾರ ಅನ್ನೋ ಊರಿನ ಕಡಲ ತೀರದಿಂದ (ನಮ್ಮ ಷಣ್ಮುಖನಿಗೂ ಅದಕ್ಕೂ ಸಂಬಂಧ ಇಲ್ಲ :-)) ಪೂರ್ವದ ಕಡಲಿನವರೆಗೆ 243 ಕಿ.ಮೀ., ಓಡಿ, ಸೈಕಲ್ ತುಳಿದು, ಕಯಾಕ್ ಹುಟ್ಟು ಹಾಕಿ. ಅದರಲ್ಲಿ ಒಬ್ಬೊಬ್ಬರೇ ಸ್ಪರ್ಧಿಸಬಹುದಿತ್ತು. ಆರು ವರ್ಷದ ನಂತರ, 1989ರಲ್ಲಿ, ಜೆರಾರ್ ಫ್ಯೂಜಿಲ್ ಅನ್ನೋ ಫ್ರೆಂಚ್ ಪತ್ರಕರ್ತ ಅದೇ ನ್ಯೂಜಿಲೆಂಡಿನಲ್ಲಿ ರೇಡ್ ಗೊಲ್ವಾಜ್ ನಡೆಸಿದ. ಅವನು ಒಬ್ಬೊಬ್ಬರನ್ನು ಬಿಡಲಿಲ್ಲ. ಐದು ಜನರ ತಂಡ, ಅದರಲ್ಲಿ ಕಡೇಪಕ್ಷ ಒಬ್ಬ ಹೆಂಗಸು ಇರಲೇಬೇಕು, ಐವರೂ ಒಟ್ಟಿಗೆ ಗೆರೆ ದಾಟಬೇಕು. ಇವತ್ತಿನ ಸಾಹಸ ಓಟಗಳ ನಿಯಮಾವಳಿಗಳೆಲ್ಲ ಹೆಚ್ಚುಕಡಿಮೆ ಇದರ ಮೊಮ್ಮಕ್ಕಳು.

(ಗೊಲ್ವಾಜ್ ಅಂದ್ರೆ ಏನು ಗೊತ್ತಾ? ಸಿಗರೇಟು! ಪ್ರಾಯೋಜಕರ ಹೆಸರು. ಪುಪ್ಪುಸದ ಪರೀಕ್ಷೆಗೆ ಸಿಗರೇಟಿನ ಹೆಸರು. ಆಮೇಲೆ ಏಷ್ಯಾದಲ್ಲಿ ಬಂದ ಇಂಥದ್ದೇ ಇನ್ನೊಂದು ಓಟದ ಹೆಸರು ಮೈಲ್ಡ್ ಸೆವೆನ್ ಔಟ್‌ಡೋರ್ ಕ್ವೆಸ್ಟ್. ಅದೂ ಸಿಗರೇಟೇ.)

ಈ ನಿಯಮ ಮೈದಾನದಲ್ಲಿ ಏನು ಮಾಡುತ್ತೆ ಅಂತ ನೋಡಿ. ತಂಡದ ವೇಗ ಅಂದರೆ ತಂಡದಲ್ಲಿ ಎಲ್ಲರಿಗಿಂತ ನಿಧಾನ ಇರುವವರ ವೇಗ. ಹಾಗಾಗಿ ಗಟ್ಟಿಗನಿಗೆ ಮುಂದೆ ಓಡಿ ಲಾಭ ಇಲ್ಲ. ಅವನ ಲಾಭ ಇರೋದು ಹಿಂದಿನವರ ಚೀಲ ಹೊರುವುದರಲ್ಲಿ. ಇದಕ್ಕೆಂದೇ ಒಂದು ಹಗ್ಗ ಇದೆ. ರಬ್ಬರಿನಂತೆ ಹಿಗ್ಗುವ ಹಗ್ಗ. ಮುಂದಿರುವವನ ಸೊಂಟಕ್ಕೋ ಚೀಲಕ್ಕೋ ಒಂದು ತುದಿ, ಸುಸ್ತಾದವರಿಗೆ ಇನ್ನೊಂದು ತುದಿ. ಗುಡ್ಡ ಹತ್ತುವಾಗ ಎಳಕೊಂಡು ಹೋಗ್ತಾರೆ. ಸೈಕಲ್ಲಿಗೂ ಕಟ್ಟುತ್ತಾರೆ. ಬೇರೆ ಎಷ್ಟೋ ಓಟಗಳಲ್ಲಿ ಹೀಗೆ ಮಾಡಿದರೆ ಹೊರಗೆ ಹಾಕ್ತಾರೆ, ಇಲ್ಲಿ ಇದು ಒಂದು ವಿದ್ಯೆ. ಹೊರಗಿನವರ ಸಹಾಯಕ್ಕೆ ಕಟ್ಟುನಿಟ್ಟು, ಒಳಗಿನವರ ಸಹಾಯಕ್ಕೆ ಮಿತಿಯೇ ಇಲ್ಲ. ಮೊದಲ ದಿನ ಎಳೆಸಿಕೊಂಡವರು ನಾಲ್ಕನೇ ರಾತ್ರಿ ಎಲ್ಲರ ತಲೆ ಮಂಕಾದಾಗ ನಕ್ಷೆ ಸರಿಯಾಗಿ ಓದಿ ಎಲ್ಲರನ್ನೂ ಕಾಪಾಡಬಹುದು. ಈಗಿನ ವರ್ಲ್ಡ್ ಸೀರೀಸ್ ಓಟಗಳಲ್ಲಿ ತಂಡದವರು ಒಬ್ಬರಿಂದೊಬ್ಬರು 100 ಮೀಟರಿಗಿಂತ ದೂರ ಹೋಗುವಂತಿಲ್ಲ. ಅಂದರೆ ಕೂಗಿದರೆ ಕೇಳುವಷ್ಟು ದೂರ.

ಆದರೆ ಜೊತೆಗಿದ್ದ ಮಾತ್ರಕ್ಕೆ ಉಳಿದುಬಿಡ್ತಾರಾ? ಇದಕ್ಕೆ ಫ್ಯೂಜಿಲ್‌ಗಿಂತ ನಲವತ್ತು ವರ್ಷ ಹಿಂದಕ್ಕೆ, ಸ್ವಿಟ್ಜರ್ಲೆಂಡಿಗೆ ಹೋಗಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವಿಸ್ ಸೈನ್ಯದ ಪರ್ವತ ದಳಕ್ಕೆ ಒಂದು ಕಸರತ್ತು ಬೇಕಿತ್ತು. 1943ರ ಏಪ್ರಿಲ್‌ನಲ್ಲಿ ಶುರುವಾಯ್ತು ಪಾಟ್ರೂಯ್ ದೆ ಗ್ಲೇಸಿಯೇ, ಹಿಮನದಿಗಳ ಗಸ್ತು ಅಂತ ಅರ್ಥ. ಜೆರ್ಮಾಟ್‌ನಿಂದ ವರ್ಬಿಯೇವರೆಗೆ ಆಲ್ಪ್ಸ್ ಬೆಟ್ಟಗಳ ನೆತ್ತಿಯ ಮೇಲೆ ಸ್ಕೀ ಕಟ್ಟಿಕೊಂಡು ಐವತ್ತಕ್ಕೂ ಹೆಚ್ಚು ಕಿ.ಮೀ. ಹತ್ತುವ ಎತ್ತರವೇ ಸುಮಾರು 4,000 ಮೀಟರು. ಮೂವರ ತಂಡ, ಮೂವರೂ ಜೊತೆಗೇ. 1944ರಲ್ಲಿ ಮತ್ತೆ ನಡೆಯಿತು, ಮೂರನೆಯದು 1949ರಲ್ಲಿ. ಆ ವರ್ಷ ಒಂದು ತಂಡ ಬರಲೇ ಇಲ್ಲ. ಮೋಂ ಮಿನೇ ಹಿಮನದಿಯ ಬಿರುಕೊಂದರಲ್ಲಿ ಮೂವರೂ ಬಿದ್ದಿದ್ದರು. ಹಿಮನದಿಯಲ್ಲಿ ಆಳವಾದ ಬಿರುಕುಗಳಿರುತ್ತವೆ, ಮೇಲೆ ತೆಳ್ಳಗೆ ಹಿಮ ಮುಚ್ಚಿಕೊಂಡು ನೆಲದ ಹಾಗೇ ಕಾಣುತ್ತೆ. ಅವರ ದೇಹಗಳು ಸಿಕ್ಕಿದ್ದು ಎಂಟು ದಿನದ ಮೇಲೆ.

ಸರ್ಕಾರ ಓಟವನ್ನೇ ನಿಷೇಧಿಸಿತು. ಅದು ಮತ್ತೆ ಶುರುವಾಗಿದ್ದು 1984ರಲ್ಲಿ, ಮೂವತ್ತೈದು ವರ್ಷದ ಮೇಲೆ! ಮೂವರ ತಂಡ ಅನ್ನೋ ನಿಯಮವನ್ನು ಬಿಡಲಿಲ್ಲ. ಈಗ ಅದರ ಜೊತೆಗೆ ಅಪಾಯದ ಜಾಗದಲ್ಲಿ ಮೂವರೂ ಹಗ್ಗ ಕಟ್ಟಿಕೊಂಡೇ ಹೋಗಬೇಕು, ಹಿಮದಡಿ ಹೂತುಹೋದರೆ ಹುಡುಕಲು ಸಿಗ್ನಲ್ ಕಳಿಸುವ ಪೆಟ್ಟಿಗೆ ಮೈಮೇಲೆ ಇರಬೇಕು, ದಾರಿಯುದ್ದಕ್ಕೂ ಸೈನ್ಯದ ಠಾಣೆಗಳು. ನನಗೆ ಇದರಲ್ಲಿ ಕಾಣೋದು ಇಷ್ಟು: ತಂಡದವರು ಒಬ್ಬರನ್ನೊಬ್ಬರು ನೋಡಿಕೊಳ್ಳಬಹುದು, ಆದರೆ ಇಡೀ ತಂಡಕ್ಕೇ ಏನಾದರೂ ಆದರೆ ಅದನ್ನು ನೋಡೋರು ಯಾರು? ನಮ್ಮ ಸಾಫ್ಟ್‌ವೇರಿನವರ ಭಾಷೆಯಲ್ಲಿ ಹೇಳೋದಾದ್ರೆ ಮೂರು ಸರ್ವರ್ ಇಟ್ಟು ಮೂರನ್ನೂ ಒಂದೇ ರೂಮಿನಲ್ಲಿ ಇಟ್ಟ ಹಾಗೆ.

ಇನ್ನು ಇಂಗ್ಲೆಂಡು. 1968ರಲ್ಲಿ ಅಲ್ಲಿ ಕಾರಿಮೋರ್ ಮೌಂಟನ್ ಮ್ಯಾರಥಾನ್ ಶುರುವಾಯ್ತು. ಇಬ್ಬರಿಬ್ಬರ ಜೋಡಿ, ಎರಡು ದಿನ, ಅಕ್ಟೋಬರ್ ಕೊನೆಯ ಚಳಿ-ಮಳೆ. ಟೆಂಟು, ಸ್ಲೀಪಿಂಗ್ ಬ್ಯಾಗು, ಸ್ಟೋವು, ಊಟ ಎಲ್ಲ ನೀವೇ ಹೊತ್ತು ಓಡಬೇಕು. ಚೀಲ ಬಿಚ್ಚಿಸಿ ನೋಡ್ತಾರೆ, ಪಟ್ಟಿಯಲ್ಲಿರೋದು ಇಲ್ಲದಿದ್ದರೆ ಹೊರಗೆ. ಗೆಲ್ಲಬೇಕು ಅಂದರೆ ಹಗುರ ಇರಬೇಕು, ಬದುಕಬೇಕು ಅಂದರೆ ಭಾರ ಬೇಕು. ಓಟಗಾರರು ಇದಕ್ಕಾಗಿ ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವ ಜಾತಿಯವರು. ಅದಕ್ಕೇ ಕಡ್ಡಾಯ ಸಾಮಾನಿನ ಪಟ್ಟಿ ಇರೋದು. ಎಲ್ಲರಿಗೂ ಒಂದೇ ಭಾರ ಆದರೆ ಯಾರಿಗೂ ಜೀವ ಪಣಕ್ಕಿಟ್ಟು ಹಗುರಾಗುವ ಆಸೆ ಹುಟ್ಟೋದಿಲ್ಲ.

2008ರ ಅಕ್ಟೋಬರ್ 25ರಂದು ಈ ಓಟ (ಅಷ್ಟರಲ್ಲಿ ಹೆಸರು ಒರಿಜಿನಲ್ ಮೌಂಟನ್ ಮ್ಯಾರಥಾನ್ ಆಗಿತ್ತು) ಲೇಕ್ ಡಿಸ್ಟ್ರಿಕ್ಟಿನ ಬಾರೋಡೇಲ್ ಕಣಿವೆಯಲ್ಲಿ. ಸುಮಾರು 2,500 ಜನ ಹೊರಟರು. ಬಿರುಗಾಳಿ, ಜಡಿಮಳೆ. ಹಳ್ಳಗಳು ಉಕ್ಕಿ ದಾರಿಗಳೇ ನದಿಗಳಾದವು. ಸಂಘಟಕರು ಅರ್ಧಕ್ಕೇ ನಿಲ್ಲಿಸಿದರು. ರಾತ್ರಿ ಸುದ್ದಿವಾಹಿನಿಗಳಲ್ಲಿ ಸಾವಿರದ ಏಳುನೂರು ಜನರ ಸುಳಿವಿಲ್ಲ ಅಂತ ಬಂತು. ಬ್ರಿಟನ್ನಿಗೆ ಬ್ರಿಟನ್ನೇ ಗಾಬರಿ. ಬೆಳಿಗ್ಗೆ ನೋಡಿದರೆ ಕೆಲವರು ಹೋನಿಸ್ಟರ್ ಕಣಿವೆಯ ಕಲ್ಲುಗಣಿಯಲ್ಲಿ, ಕೆಲವರು ರೈತರ ಕೊಟ್ಟಿಗೆಗಳಲ್ಲಿ, ಇನ್ನು ಕೆಲವರು ಬೆಟ್ಟದ ಮೇಲೇ ಟೆಂಟ್ ಹಾಕಿ ಮಲಗಿದ್ದರು. ಕೆಲವರಿಗೆ ಆಸ್ಪತ್ರೆ, ಸಾವು ಒಂದೂ ಇಲ್ಲ. ಇಷ್ಟು ಜನರನ್ನು ಇಂಥ ಹವೆಯಲ್ಲಿ ಬಿಟ್ಟಿದ್ದೇ ತಪ್ಪು ಅಂತ ಸ್ಥಳೀಯರು ಬೈದರು. ಆ ಮಾತಿನಲ್ಲಿ ಹುರುಳಿದೆ. ಆದರೂ ಸುಳಿವಿಲ್ಲ ಅಂದರೆ ಸತ್ತಿದ್ದಾರೆ ಅಂತಲ್ಲ, ಚೀಲದಲ್ಲಿ ಟೆಂಟೂ ಪಕ್ಕದಲ್ಲಿ ಇನ್ನೊಬ್ಬರೂ ಇದ್ದಾಗ.

ಇದರ ಪಕ್ಕದಲ್ಲಿ 2021ರ ಮೇ 22ರ ಚೀನಾದ ಗಾನ್ಸು ಓಟವನ್ನು ಇಡದೆ ಇರೋಕೆ ನನಗೆ ಆಗ್ತಿಲ್ಲ. ಅದು ತಂಡದ ಓಟ ಅಲ್ಲ, ಒಬ್ಬೊಬ್ಬರೇ ಓಡುವ 100 ಕಿ.ಮೀ. ಹಳದಿ ನದಿಯ ಕಲ್ಲುಕಾಡಿನ ಪ್ರದೇಶ. 172 ಜನ. ಬೆಳಿಗ್ಗೆ ಹೊರಡುವಾಗ ಅನೇಕರ ಮೈಮೇಲೆ ಟೀಶರ್ಟು, ಚಡ್ಡಿ. ಗಾಳಿ ತಡೆಯುವ ಜಾಕೆಟ್ಟು ಕಡ್ಡಾಯ ಇರಲಿಲ್ಲ, ಇದ್ದರೆ ಒಳ್ಳೇದು ಅನ್ನೋ ಪಟ್ಟಿಯಲ್ಲಿತ್ತು. ಎರಡನೇ ಮತ್ತು ಮೂರನೇ ಚೆಕ್‌ಪಾಯಿಂಟ್ ನಡುವೆ 8 ಕಿ.ಮೀ.ನಲ್ಲಿ ಸುಮಾರು 1,000 ಮೀಟರು ಏರು. ವಾಹನ ಹೋಗದ ಜಾಗ, ಮೇಲೆ ಊಟ-ನೀರಿನ ವ್ಯವಸ್ಥೆಯೂ ಇಲ್ಲ. ಮಧ್ಯಾಹ್ನ ಅಲ್ಲಿ ಆಲಿಕಲ್ಲು, ಕೊರೆಯುವ ಮಳೆ, ನಿಲ್ಲಲಾಗದ ಗಾಳಿ ಬಂತು. 21 ಜನ ಸತ್ತರು. ಅವರಲ್ಲಿ ಲಿಯಾಂಗ್ ಜಿಂಗ್ ಅನ್ನೋ ಚೀನಾದ ಹೆಸರಾಂತ ಅಲ್ಟ್ರಾ ಓಟಗಾರನೂ ಇದ್ದ. ಅಂದರೆ ತಾಕತ್ತಿನ ಕೊರತೆಯಿಂದ ಆದದ್ದಲ್ಲ. ಜು ಕೆಮಿಂಗ್ ಅನ್ನೋ ಕುರಿ ಕಾಯುವವರು ಮಳೆಗೆ ಒಂದು ಗುಹೆಯಲ್ಲಿ ಕೂತಿದ್ದರು. ಬೆಂಕಿ ಹಾಕಿ, ಅಲ್ಲಿದ್ದ ಹೊದಿಕೆ ಹೊದಿಸಿ ಆರು ಜನರನ್ನು ಉಳಿಸಿದರು.

ಎರಡು ಓಟಗಳೂ ಒಂದೇ ಅಲ್ಲ, ಒಪ್ಪಿದೆ. ಗಾನ್ಸುವಿನ ಬೆಟ್ಟ ಎತ್ತರ, ಊರು ದೂರ. ಆದರೆ ಚಳಿ ಹತ್ತಿದ ಮನುಷ್ಯನಿಗೆ ಒಂದು ಹಂತದ ಮೇಲೆ ತಾನು ಸಾಯ್ತಾ ಇದ್ದೀನಿ ಅಂತಲೇ ಗೊತ್ತಾಗೋದಿಲ್ಲ. ಮಾತು ತೊದಲುತ್ತೆ, ಜಾಕೆಟ್ಟಿನ ಜಿಪ್ ಎಳೆಯೋಕೆ ಬೆರಳು ಬಗ್ಗೋದಿಲ್ಲ, ಬುದ್ಧಿ ಮಂಕಾಗುತ್ತೆ. ಇದನ್ನು ನೋಡಿ ಗುರುತಿಸೋಕೆ ಇನ್ನೊಬ್ಬರ ಕಣ್ಣು ಬೇಕು, ಜಿಪ್ ಎಳೆಯೋಕೆ ಇನ್ನೊಬ್ಬರ ಕೈ ಬೇಕು. ಗಾನ್ಸುವಿನಲ್ಲಿ ಒಬ್ಬರಿಗೊಬ್ಬರು ಅಪರಿಚಿತರು ಸಹಾಯ ಮಾಡಿಕೊಂಡ ಕಥೆಗಳೂ ಇವೆ. ಆದರೆ ಅದು ಅವರ ಒಳ್ಳೆಯತನ. ತಂಡದ ಓಟದಲ್ಲಿ ಒಳ್ಳೆಯತನಕ್ಕೆ ಕಾಯಬೇಕಾಗಿಲ್ಲ, ನಿಯಮವೇ ಜೊತೆಗೆ ಕಟ್ಟಿಹಾಕಿರುತ್ತೆ.

ಈಗ ಆ ಮೊಳೆಯ ವಿಷಯ.

1995ರಲ್ಲಿ ಮಾರ್ಕ್ ಬರ್ನೆಟ್ ಅಮೆರಿಕದ ಯೂಟಾದಲ್ಲಿ ಇಕೋ-ಚಾಲೆಂಜ್ ಶುರು ಮಾಡಿದರು. ಬ್ರಿಟಿಷ್ ಸೈನ್ಯದಲ್ಲಿದ್ದು ಆಮೇಲೆ ಟಿವಿಗೆ ಬಂದವರು, ಸ್ವತಃ ರೇಡ್‌ನಲ್ಲಿ ಓಡಿದವರು. ಸರ್ವೈವರ್ ಕಾರ್ಯಕ್ರಮ ಮಾಡಿದ್ದೂ ಇವರೇ. ಟಿವಿಗೆ ಈ ತಂಡದ ನಿಯಮ ಅಂದರೆ ಹಬ್ಬ. ಒಬ್ಬ ಅಳ್ತಾ ಕೂತಿದ್ದಾನೆ, ಮೂವರು ಸುತ್ತ ನಿಂತು ಏಳು ಅಂತಿದ್ದಾರೆ, ಕ್ಯಾಮೆರಾ ಓಡ್ತಾ ಇದೆ. ಯೋಚನೆ ಮಾಡಿ, ಆ ಕೂತವನ ಜಾಗದಲ್ಲಿ ನೀವಿದ್ದರೆ? ಮೂವರು ವರ್ಷಗಟ್ಟಲೆ ತಾಲೀಮು ಮಾಡಿ, ರಜೆ ಹಾಕಿ, ಸಾಲ ಮಾಡಿ ಬಂದಿದ್ದಾರೆ. ನನಗೆ ಜ್ವರ ಅಂತ ಬಾಯಿ ಬಿಟ್ಟರೆ ಅವರೆಲ್ಲರ ಕನಸು ನನ್ನಿಂದ ಮುಗೀತು. ಆಗ ಬಾಯಿ ಮುಚ್ಚಿಕೊಂಡು ನಡೆಯೋದೇ ಸುಲಭ. ಒಂಟಿಯಾಗಿ ಓಡುವವನು ತನ್ನೊಬ್ಬನ ಆಸೆ ಬಿಟ್ಟರೆ ಸಾಕು. ಒಬ್ಬರನ್ನೊಬ್ಬರು ಕಾಯಲಿ ಅಂತ ಮಾಡಿದ ನಿಯಮವೇ ಒಬ್ಬರಿಂದೊಬ್ಬರು ರೋಗ ಮುಚ್ಚಿಡುವ ಹಾಗೂ ಮಾಡಬಲ್ಲದು.

ರೋಗ ಅಂದಾಗ ನೆನಪಿಗೆ ಬರೋದು 2000ದ ಇಕೋ-ಚಾಲೆಂಜ್, ಮಲೇಷ್ಯಾದ ಬೋರ್ನಿಯೋ ಕಾಡಿನದು. ನಾಲ್ವರ 76 ತಂಡ, 304 ಜನ. ಆಗಸ್ಟ್ ಕೊನೆಯಲ್ಲಿ ಶುರುವಾಗಿ ಸೆಪ್ಟೆಂಬರ್ ಮೊದಲ ವಾರ ಮುಗೀತು. ಎಲ್ಲರೂ ವಿಮಾನ ಹತ್ತಿ ಊರಿಗೆ ಹೋದರು. ಆಮೇಲೆ ಶುರುವಾಯ್ತು: ಜ್ವರ, ಚಳಿ, ತಲೆನೋವು, ಮೈಕೈ ನೋವು. ಅಮೆರಿಕದ ಬೇರೆಬೇರೆ ಕಡೆಯಿಂದ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಗೆ ವರದಿಗಳು ಬಂದವು. ನೋಡಿದರೆ ಲೆಪ್ಟೋಸ್ಪೈರೋಸಿಸ್, ನಮ್ಮ ಇಲಿ ಜ್ವರ! ಮಲೆನಾಡು, ಕರಾವಳಿಯ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಲಿ, ದನ ಮುಂತಾದವುಗಳ ಮೂತ್ರ ಸೇರಿದ ನೀರು ಕಾಲಿನ ಗಾಯದಲ್ಲೋ ಕಣ್ಣು-ಬಾಯಲ್ಲೋ ಒಳಗೆ ಹೋದರೆ ಬರುತ್ತೆ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇದರ ಭಯ ಹೆಚ್ಚು. ಬೋರ್ನಿಯೋದಲ್ಲಿ ಗದ್ದೆಯ ಬದಲು ಸೆಗಾಮಾ ನದಿ. ಮಳೆಯಿಂದ ಉಕ್ಕಿದ ಕೆಸರು ನೀರಲ್ಲಿ, ಮುಳ್ಳು ತರಚಿದ ಮೈಯಲ್ಲಿ ಗಂಟೆಗಟ್ಟಲೆ ಈಜಿದ್ದರು.

ಸಿಡಿಸಿಯವರು 189 ಸ್ಪರ್ಧಿಗಳನ್ನು ಹುಡುಕಿ ಮಾತಾಡಿಸಿದರು. ಅವರಲ್ಲಿ 80 ಜನರಿಗೆ ರೋಗದ ಲಕ್ಷಣಗಳಿದ್ದವು, 29 ಜನ ಆಸ್ಪತ್ರೆ ಸೇರಿದ್ದರು. ಯಾರೂ ಸಾಯಲಿಲ್ಲ. ಮೊದಲೇ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆ ಕಡಿಮೆ ಇತ್ತು. ನನಗೆ ಇಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ಈ ರೋಗ ಮೈಯಲ್ಲಿ ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಹಗ್ಗ, ಹೆಲ್ಮೆಟ್ಟು, ನೂರು ಮೀಟರು, ಇವೆಲ್ಲ ಓಟ ಮುಗಿಯುವ ಗೆರೆಯವರೆಗೆ ಮಾತ್ರ. ಗೆರೆ ದಾಟಿದ ಮೇಲೆ ತಂಡವೇ ಇರೋದಿಲ್ಲ, ಒಬ್ಬೊಬ್ಬರೂ ತಮ್ಮತಮ್ಮ ಊರಿನ ಡಾಕ್ಟರ ಮುಂದೆ ಒಂಟಿ. ನಾನು ಬೋರ್ನಿಯೋ ನದಿಯಲ್ಲಿ ಈಜಿದ್ದೆ ಅಂತ ಬಾಯಿಬಿಟ್ಟು ಹೇಳದಿದ್ದರೆ ಎಲ್ಲೋ ದೂರದ ಊರಿನ ಡಾಕ್ಟರಿಗೆ ಇಲಿ ಜ್ವರ ಹೊಳೆಯೋದಾದರೂ ಹೇಗೆ?

2004ರ ಸೆಪ್ಟೆಂಬರ್ 21, ಅಮೆರಿಕದ ವಾಷಿಂಗ್ಟನ್ ರಾಜ್ಯ, ಪ್ರೈಮಲ್ ಕ್ವೆಸ್ಟ್ ಓಟ. ಇಲ್ಲಬಾಟ್ ಶಿಖರದ ಕಡಿದಾದ ಇಳಿಜಾರಿನಲ್ಲಿ ಮುಂಚೂಣಿಯ ತಂಡಗಳು ಇಳೀತಾ ಇದ್ದಾಗ ಬಂಡೆಯೊಂದು ಉರುಳಿ ಬಂದು ಆಸ್ಟ್ರೇಲಿಯಾದ ನೈಜೆಲ್ ಐಲಾಟ್ ಸತ್ತರು. ತುಂಬಾ ಅನುಭವಿ. ಅವರ ತಂಡ ಜೊತೆಗೇ ಇತ್ತು, ನಿಯಮ ಯಾವುದೂ ಮುರಿದಿರಲಿಲ್ಲ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಅಪಾಯ ಇರೋದು ಮೇಲೆ ಇರುವವರ ಕಾಲಡಿಯ ಕಲ್ಲಿನಿಂದ. ತಂಡದೊಳಗೆ ಕೂಗಿ ಹೇಳಬಹುದು, ಸರದಿ ಮೇಲೆ ಇಳಿಯಬಹುದು. ಎರಡು ಮೂರು ತಂಡ ಪೈಪೋಟಿಯಲ್ಲಿ ಒಂದೇ ಕಡೆ ಇಳಿದರೆ ಆ ಸರದಿಯನ್ನು ಯಾರು ನೋಡಬೇಕು? ಅದು ಆ ನಾಲ್ವರ ಕೈಯಲ್ಲಿಲ್ಲ, ದಾರಿ ಹಾಕುವವರ ಕೈಯಲ್ಲಿದೆ. ಕತ್ತಲಾದ ಮೇಲೆ ಅಪಾಯದ ನದಿಗೆ ಯಾರೂ ಇಳಿಯಬಾರದು, ಎಷ್ಟೇ ಮುಂದಿದ್ದರೂ ದಡದಲ್ಲಿ ಕಾಯಬೇಕು ಅನ್ನೋ ನಿಯಮ ಅನೇಕ ಓಟಗಳಲ್ಲಿ ಇದೆ. ಡಾರ್ಕ್ ಜೋನ್ ಅಂತಾರೆ. ಆ ಹೊತ್ತಿನಲ್ಲಿ ನಿರ್ಧಾರವನ್ನು ತಂಡದ ಕೈಯಿಂದ ಕಿತ್ತುಕೊಳ್ಳುವ ನಿಯಮ ಅದು. ಮೂರು ದಿನ ನಿದ್ದೆಗೆಟ್ಟು ಬಂಡೆಗಳಲ್ಲಿ ಮನುಷ್ಯರ ಮುಖ ಕಾಣ್ತಿರೋವಾಗ ನಿರ್ಧಾರ ನಮ್ಮ ಕೈಯಲ್ಲಿ ಇರದಿದ್ದರೇ ವಾಸಿ.

ಇನ್ನೊಂದು ನಿಯಮದ ಬಗ್ಗೆ ನನಗೆ ತಕರಾರಿದೆ. ಅನೇಕ ಓಟಗಳಲ್ಲಿ ತಂಡಕ್ಕೆ ತುರ್ತು ರೇಡಿಯೋ ಅಥವಾ ಫೋನನ್ನು ಸೀಲ್ ಮಾಡಿ ಕೊಡ್ತಿದ್ದರು. ಸೀಲ್ ಒಡೆದರೆ ಓಟದಿಂದ ಹೊರಗೆ. ಉದ್ದೇಶ ಅರ್ಥ ಆಗುತ್ತೆ, ದಾರಿ ತಪ್ಪಿದಾಗೆಲ್ಲ ಯಾರೂ ಫೋನ್ ಮಾಡಬಾರದು. ಆದರೆ ಸಹಾಯ ಕೇಳೋದಕ್ಕೆ ಬೆಲೆ ಕಟ್ಟಿದರೆ ಜನ ತಡವಾಗಿ ಕೇಳ್ತಾರೆ. 2007ರಲ್ಲಿ ಸ್ಪಾಟ್‌ನಂಥ ಚಿಕ್ಕ ಸ್ಯಾಟಲೈಟ್ ಟ್ರ್ಯಾಕರುಗಳು ಮಾರುಕಟ್ಟೆಗೆ ಬಂದ ಮೇಲೆ ಚಿತ್ರ ಬದಲಾಯ್ತು. ಈಗ ಪ್ರತಿ ತಂಡವೂ ನಕ್ಷೆಯ ಮೇಲೆ ಒಂದು ಚುಕ್ಕೆ. ಒಂದು ಚುಕ್ಕೆ ಇದ್ದಲ್ಲೇ ಇದ್ದರೆ ಸಂಘಟಕರಿಗೆ ಗೊತ್ತಾಗುತ್ತೆ. 1949ರಲ್ಲಿ ಇಲ್ಲದ ಹೊರಗಿನ ಕಣ್ಣು ಇದು. ಬೇರೆ ತಂಡದವರಿಗೆ ಅಪಾಯ ಆದಾಗ ನಿಂತು ನೆರವಾದರೆ ಆ ಹೊತ್ತನ್ನು ಲೆಕ್ಕದಿಂದ ಕಳೆದು ಕೊಡುವ ಪದ್ಧತಿಯೂ ಇದೆ. ಒಬ್ಬರು ಬಿಟ್ಟರೆ ಉಳಿದವರು ಸ್ಥಾನದ ಆಸೆ ಬಿಟ್ಟು ದಾರಿ ಮುಗಿಸಬಹುದು ಅಂತ ಎಷ್ಟೋ ಓಟಗಳು ಸಡಿಲ ಮಾಡಿವೆ. ಪಟ್ಟಿಯಲ್ಲಿ ಹೆಸರಿರೋದಿಲ್ಲ, ಓಟ ಮಾತ್ರ ಉಳಿಯುತ್ತೆ. ನನ್ನ ಪ್ರಕಾರ ಆ ಮೊಳೆಯನ್ನು ಅರ್ಧ ಕಿತ್ತಿದ್ದು ಈ ಸಡಿಲಿಕೆಯೇ. ಬಾಯಿ ಬಿಟ್ಟು ಆಗಲ್ಲ ಅನ್ನೋದರ ಬೆಲೆ ಇದರಿಂದ ಕಡಿಮೆ ಆಯ್ತು.

2019ರಲ್ಲಿ ಫಿಜಿಯಲ್ಲಿ ಇಕೋ-ಚಾಲೆಂಜ್ ಮತ್ತೆ ನಡೆಯಿತು, 2020ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು. 66 ತಂಡ, 671 ಕಿ.ಮೀ. ಅದರಲ್ಲಿ ನಮ್ಮ ದೇಶದ ತಂಡವೂ ಒಂದಿತ್ತು, ಖುಕುರಿ ವಾರಿಯರ್ಸ್. ಡೆಹ್ರಾಡೂನಿನ ಅವಳಿ ಸೋದರಿಯರಾದ ತಾಶಿ ಮತ್ತು ನುಂಗ್ಶಿ ಮಲಿಕ್ ಅದರಲ್ಲಿದ್ದರು, 2013ರಲ್ಲಿ ಎವರೆಸ್ಟನ್ನು ಒಟ್ಟಿಗೆ ಹತ್ತಿದವರು. ಅದೇ ಓಟದಲ್ಲಿ ಮಾರ್ಕ್ ಮೇಸಿ ಅನ್ನೋ ಹಳೇ ಹುಲಿ, ಅಲ್ಜೈಮರ್ಸ್ ಶುರುವಾಗಿದ್ದರೂ, ಮಗ ಟ್ರಾವಿಸ್ ಇದ್ದ ತಂಡದಲ್ಲಿ ಇಳಿದಿದ್ದರು. ಒಬ್ಬೊಬ್ಬರನ್ನೇ ನಿಲ್ಲಿಸಿ ಪರೀಕ್ಷೆ ಮಾಡುವ ಓಟವಾಗಿದ್ದರೆ ಇಂಥವರನ್ನು ಬಿಡಬೇಕಾ ಅಂತ ಯಾರಾದರೂ ಕೇಳೋರು. ತಂಡದಲ್ಲಿ ನೆನಪು ಒಬ್ಬರದು ಕೈಕೊಟ್ಟರೆ ಇನ್ನೊಬ್ಬರದು ಇರುತ್ತೆ.

ಇಲ್ಲೇ ಹತ್ತಿರದಲ್ಲಿ, ಪುಣೆ ಸುತ್ತಿನ ಸಹ್ಯಾದ್ರಿಯಲ್ಲಿ ಎಂಡ್ಯೂರೋ3 ಅನ್ನೋ ಓಟವನ್ನು ನಡೆಸಿಕೊಂಡು ಬಂದಿದ್ದಾರೆ, ಅದರಲ್ಲಿ ಮೂವರ ತಂಡ. ಬೆಟ್ಟ ಹತ್ತುವವರ ಹಳೇ ಲೆಕ್ಕ ಒಂದಿದೆ: ನಾಲ್ವರಿದ್ದರೆ ಒಬ್ಬರಿಗೆ ಪೆಟ್ಟಾದಾಗ ಒಬ್ಬರು ಜೊತೆಗೆ ಕೂರ್ತಾರೆ, ಇಬ್ಬರು ಸಹಾಯಕ್ಕೆ ಹೋಗ್ತಾರೆ, ಯಾರೂ ಒಂಟಿಯಾಗೋದಿಲ್ಲ. ಮೂವರಿದ್ದರೆ ಹೋಗುವವರು ಒಂಟಿ. ಆಲ್ಪ್ಸ್‌ನಲ್ಲಿ ಅದು ದೊಡ್ಡ ಮಾತು. ಸಹ್ಯಾದ್ರಿಯಲ್ಲಿ ಆ ಒಂಟಿ ಮನುಷ್ಯ ಸ್ವಲ್ಪ ಕೆಳಗಿಳಿದರೆ ಯಾವುದಾದರೂ ವಾಡಿಯ ನಾಯಿ ಬೊಗಳುವುದು ಕೇಳಿಸುತ್ತೆ, ಅದರ ಹಿಂದೆ ಮನೆ ಇರುತ್ತೆ.